ಒಂಬತ್ತನೇ ಬಾಟ್ಲಿ, ರಂಗನಾಯಕಮ್ಮನ ಬಾವಿ

ಆಗಸ್ಟ್ 6, 2024. ಮಂಗಳವಾರ

ಎಂಟು ಬಾಟ್ಲಿ ಮುಗೀತು. ಪೆಟ್ರೋಲ್ ಬಂಕ್ ಸುತ್ತ ಟೆಸ್ಟ್‌ಗೆ ಅಂತ ನೆಲಕ್ಕೆ ಇಳಿಸಿರೋ ಪೈಪ್‌ಗಳ ನೀರು. ಒಂಬತ್ತನೇದು ಯಾವಾಗ್ಲೂ ಕೊನೆಗೆ — ರಂಗನಾಯಕಮ್ಮನ ಮನೆ ಬಾವಿ. ಕೊನೆಗೇ ಯಾಕೆ? ಅಲ್ಲಿ ಕಾಫಿ ಸಿಗತ್ತೆ. ಡೈರಿಗೆ ಯಾಕೆ ಸುಳ್ಳು ಹೇಳ್ಲಿ.

ಇವತ್ತು ಪೆಟ್ರೋಲ್ ವಾಸನೆಯೇ ಇರಲಿಲ್ಲ. ಹೋದ ತಿಂಗಳು ಮೂಗು ಮುಚ್ಕೊಂಡಿದ್ದೆ. ಮಳೆ ಜೋರಾಗಿ ಬಂತಲ್ಲ, ಅದಕ್ಕಿರಬೇಕು. ರಂಗನಾಯಕಮ್ಮ — ನನಗೆ ಬರೀ ಅಮ್ಮ — ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ರು. ಚಾಮರಾಜಪೇಟೆಯ ಸ್ಕೂಲಲ್ಲಿ ಹೆಡ್‌ಮಿಸ್ ಆಗಿದ್ದವರು, ನಿಲ್ಲೋದೇ ಹಾಗೆ. "ಹೇಗಿದಾಳೆ ನಮ್ಮ ಬಾವಿ?" ಅಂದ್ರು. ಚೆನ್ನಾಗಿದಾಳೆ ಅಮ್ಮ ಅಂದೆ. ಮುಖ ಅಗಲ ಆಯ್ತು.

ಆಗಸ್ಟ್ 16

ರಿಪೋರ್ಟ್. ಅಮ್ಮನ ಬಾವಿ — ಬೆಂಜೀನ್ 4. ಪೆಟ್ರೋಲ್‌ನಲ್ಲಿರೋ ಆ ದರಿದ್ರ ವಿಷ ಜುಲೈಯಲ್ಲಿ 61 ಇತ್ತು. ಹತ್ತರೊಳಗಿದ್ರೆ ಕುಡೀಬಹುದು.

ಬಾಸ್ ಕೇದಾರ್ ಸರ್ ತಾವೇ ನನ್ನ ಟೇಬಲ್ ಹತ್ರ ಬಂದ್ರು. ಅಪರೂಪ. ಸತತ ಮೂರು ತಿಂಗಳು ಹತ್ತರೊಳಗೆ ಬಂದ್ರೆ, ನೆಲದ ನೀರು ಎತ್ತಿ ಶುದ್ಧ ಮಾಡ್ತಿರೋ ಪಂಪ್ ನಿಲ್ಲಿಸಬಹುದು ಅಂದ್ರು. ಬಂಕಿನ ಟ್ಯಾಂಕ್ ಸೋರಿ ಎರಡು ವರ್ಷ ಆಯ್ತು. ಎಲ್ಲರಿಗೂ ಸಾಕಾಗಿದೆ. ನನಗೂ.

ಸೆಪ್ಟೆಂಬರ್ 3

ಇವತ್ತೂ ವಾಸನೆ ಇಲ್ಲ. ಪುಳಿಯೋಗರೆ ಇತ್ತು. ಅಮ್ಮ ತುಂಬಾ ಮಾತಾಡಿದ್ರು.

ಅವರ ಮನೆಯವರು ಎದ್ದ ತಕ್ಷಣ ಒಂದು ಚೊಂಬು ಈ ಬಾವಿ ನೀರು ಕುಡಿದೇ ಬಾಯಿ ಬಿಡ್ತಿದ್ದದ್ದಂತೆ. ಹೋಗಿ ಮೂರು ವರ್ಷ. ಅಕ್ಟೋಬರ್ 22ಕ್ಕೆ ತಿಥಿ. ಅಡುಗೆ ಸೊಸೆ ಮಾಡ್ತಾರೆ, ನೀರು ಮಾತ್ರ ಅಮ್ಮನೇ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ, ಕೈಯಾರೆ ಸೇದಬೇಕು. ಬಾವಿ ನೀರೇ ಆಗಬೇಕು. ಹೋದ ವರ್ಷ ವಿಧಿಯಿಲ್ಲದೆ ನಲ್ಲಿ ನೀರಲ್ಲಿ ಮುಗಿಸಿದ್ರು. "ಅವರಿಗೆ ಮುಟ್ಟಲಿಲ್ಲ ಕಣೇ. ನನಗೆ ಗೊತ್ತಾಗತ್ತೆ."

ಇನ್ನೊಂದು ಸಲ ಪುಳಿಯೋಗರೆ ಹಾಕಿಸ್ಕೊಂಡೆ.

ಸೆಪ್ಟೆಂಬರ್ 13

ಮೂರು. ಬರೀ ಮೂರು.

ತಡೆಯೋಕಾಗ್ಲಿಲ್ಲ, ಫೋನ್ ಮಾಡ್ಬಿಟ್ಟೆ. ಈ ಸಲ ತಿಥಿ ನಿಮ್ಮ ಬಾವಿ ನೀರಲ್ಲೇ ಮಾಡಿ ಅಮ್ಮ ಅಂದೆ. ಆ ಕಡೆ ಮೂಗು ಒರೆಸ್ಕೊಂಡಿದ್ದು ಕೇಳಿಸ್ತು. ನಾನೂ ಬಸ್‌ಸ್ಟಾಪಲ್ಲಿ ಪೆದ್ದಿ ಥರ ಅಳ್ತಾ ನಿಂತಿದ್ದೆ.

ಮೂರನೇ ರಿಪೋರ್ಟ್ ಬರೋ ಮುಂಚೆ ಹೇಳಬಾರದಿತ್ತೇನೋ. ಬಿಡು, ಬರತ್ತೆ.

ಅಕ್ಟೋಬರ್ 10. ಮಧ್ಯಾಹ್ನ

ಬಂತು. 2.

ಹಿಂದೆಯೇ ಲ್ಯಾಬಿನ ತನ್ಮಯಿ ಫೋನು. "ಲೇ ಅಕ್ಷಯಾ, ಇದು ಬಾವಿ ನೀರೇನೇ? ಕ್ಲೋರಿನ್ ಹಾಕಿದ ನೀರಿನ ಕುರುಹು ಇದೆ ಕಣೇ."

ಬಾವಿಗೆ ಯಾರು ಕ್ಲೋರಿನ್ ಹಾಕ್ತಾರೆ? ಅದು ಇರೋದು ನಲ್ಲೀಲಿ ಬರೋ ಕಾವೇರಿ ನೀರಲ್ಲಿ. ಹಳೇ ರಿಪೋರ್ಟ್ ತೆಗೆದು ನೋಡಿದೆ. ಆಗಸ್ಟ್‌ನಲ್ಲೂ ಇದೆ, ಸೆಪ್ಟೆಂಬರ್‌ನಲ್ಲೂ ಇದೆ. ನಾನು ಬೆಂಜೀನ್ ಕಾಲಂ ಒಂದೇ ನೋಡಿ ಕುಣಿದಿದ್ದೆ.

ಅಕ್ಟೋಬರ್ 11. ಸಂಜೆ

ಹೋಗಿ ಕೇಳ್ದೆ. ಮುಚ್ಚುಮರೆಯೇ ಇಲ್ಲ ಅವರಿಗೆ.

"ಹೌದು. ನೀನು ಬರೋ ಹಿಂದಿನ ದಿನ ಮೋಟರ್ ಹಾಕಿ ಬಾವಿ ಪೂರ್ತಿ ಖಾಲಿ ಮಾಡಿಸ್ತೀನಿ. ಸಂಪಿಂದ ನಲ್ಲಿ ನೀರು ತುಂಬಿಸ್ತೀನಿ. ಒಂದು ಚಿಟಿಕೆ ಪಚ್ಚಕರ್ಪೂರ ಹಾಕ್ತೀನಿ."

ಯಾಕಮ್ಮ?

"ಜುಲೈಯಲ್ಲಿ ನೀನು ಮೂಗು ಮುಚ್ಕೊಂಡ್ಯಲ್ಲ. ನನಗೆ ನಾಚಿಕೆ ಆಗೋಯ್ತು. ಸ್ಕೂಲಿಗೆ ಇನ್‌ಸ್ಪೆಕ್ಷನ್ ಅಂದ್ರೆ ಮಕ್ಕಳಿಗೆಲ್ಲ ತಲೆ ಬಾಚಿ ಕೂರಿಸ್ತಿರಲಿಲ್ವೇ ನಾವು?"

ನೀವು ತುಂಬಿದ ನೀರನ್ನೇ ನಾನು ಟೆಸ್ಟ್ ಮಾಡಿದ್ದು ಅಮ್ಮ, ನಿಮ್ಮ ಬಾವೀದಲ್ಲ. ನಾಲ್ಕು ದಿನಕ್ಕೆ ಮತ್ತೆ ವಾಸನೆ ಬರ್ತಿರಲಿಲ್ವಾ?

"ಬರ್ತಿತ್ತು. ಆದ್ರೆ ನೀನು ಪಾಸ್ ಅಂದ್ಯಲ್ಲ… ನನ್ನ ಮೂಗಿಗೇ ವಯಸ್ಸಾಯ್ತು ಅಂದ್ಕೊಂಡೆ."

ಬೈದೆ. ಚೆನ್ನಾಗೇ ಬೈದೆ. ಆ ವಿಷದ ನೀರೆಲ್ಲ ಚರಂಡಿಗೆ ಬಿಟ್ಟಿದೀರಲ್ಲ ಅಂತ. ತಲೆ ತಗ್ಗಿಸಿ ಕೇಳಿಸ್ಕೊಂಡ್ರು, ಪಾಪ. ಬಾವೀಲಿ ಇದ್ದದ್ದು ಇದ್ದ ಹಾಗೇ ಒಂದು ಬಾಟ್ಲಿ ತುಂಬ್ಕೊಂಡು ಬಂದೆ.

ಅಕ್ಟೋಬರ್ 17

58.

ಕೇದಾರ್ ಸರ್‌ಗೆ ಎಲ್ಲ ಹೇಳ್ದೆ. "ರಿಪೋರ್ಟ್ ಆಗ್ಲೇ ಮೇಲಕ್ಕೆ ಹೋಗಿದೆಯಲ್ಲಮ್ಮ." ವಾಪಸ್ ತರಿಸಿ ಸರ್ ಅಂದೆ. ಗಮನಿಸದೇ ಇದ್ದದ್ದು ನಾನು ಅಂತ ಬರೆದು ಸೈನ್ ಹಾಕಿದೆ. ಪಂಪ್ ಓಡ್ತಾ ಇರತ್ತೆ. ಇನ್ನೆಷ್ಟು ದಿನವೋ.

ಇದು ಸುಲಭದ ಕೆಲಸ. ನಾಳೇದು ಅಲ್ಲ.

ಅಕ್ಟೋಬರ್ 18

ಹೇಳ್ದೆ. ತಿಥಿಗೆ ಈ ನೀರು ಬೇಡ ಅಮ್ಮ, ಊಟ ಮಾಡೋರಿಗೆಲ್ಲ ಕೆಟ್ಟದ್ದು.

ಅಮ್ಮ ಬಾವಿ ಹಗ್ಗ ಸುತ್ತಿ ಸುತ್ತಿ ಮೊಳೆಗೆ ಹಾಕಿದ್ರು. ಕಾಫಿ ಬೇಕಾ ಅಂತ ಕೇಳಲಿಲ್ಲ. ನನಗೆ ಬೇಕಾಗಿರಲಿಲ್ಲ, ಕೇಳಬೇಕಿತ್ತು ಅಷ್ಟೇ. ಆಸೆ ಹುಟ್ಟಿಸಿದ್ದು ನಾನೇ ಅಲ್ವಾ.

ಅಕ್ಟೋಬರ್ 20. ಭಾನುವಾರ

ಅಮ್ಮನ ಫೋನು. ಪೀಠಿಕೆ ಇಲ್ಲ. "ನಿನ್ನ ಲಿಸ್ಟಲ್ಲಿ ನಿಜವಾಗ್ಲೂ ಪಾಸ್ ಆಗಿರೋ ಬಾವಿ ಇದ್ಯೇನೇ?"

ಇದೆ. ಅದೇ ರಸ್ತೆ, ನಾಲ್ಕು ಮನೆ ಮೇಲೆ, ಗಂಗಾಧರಯ್ಯನವರದು. ಬಂಕಿಗಿಂತ ಎತ್ತರ, ಪೆಟ್ರೋಲ್ ಅಲ್ಲಿಗೆ ಹತ್ತಲ್ಲ. ಹೋಲಿಸಿ ನೋಡೋಕೆ ಅಂತ ಮೂರು ತಿಂಗಳಿಗೊಂದು ಸಲ ತಗೋತೀವಿ. ಎರಡು ವರ್ಷದಿಂದ ಸೊನ್ನೆ.

"ಅವರದಾ…" ಅಂತ ರಾಗ ಎಳೆದ್ರು ಅಮ್ಮ. ಗೊತ್ತು ಯಾಕೆ ಅಂತ. ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟಿರೋ ಲಿಂಗಾಯತರು ಅವರು. ಇವರು ಅಯ್ಯಂಗಾರ್ರು. ನಲವತ್ತು ವರ್ಷ ನಮಸ್ಕಾರ, ಕುಂಕುಮ ಎಲ್ಲ ಉಂಟು. ಅವರ ಮನೇಲಿ ಒಂದು ಲೋಟ ನೀರು ಕುಡಿದಿಲ್ಲ ಅಮ್ಮ.

"ಅವರು ಬಿಡ್ತಾರಾ?"

ನಾನು ಕೇಳ್ತೀನಿ ಅಂದೆ.

"ನೀನು ಬೇಡ. ನಾನೇ ಹೋಗಿ ಕೇಳಬೇಕಾದ್ದು."

ಅಕ್ಟೋಬರ್ 22. ಆಫೀಸಿಗೆ ಲೇಟು, ಆದ್ರೂ ಬರೀತೀನಿ

ಆರೂವರೆಗೆ ಹೋದೆ. ಗಂಗಾಧರಯ್ಯನವರು ಗೇಟ್ ಹಿಡ್ಕೊಂಡು ನಿಂತಿದ್ರು. ಬಾವಿಕಟ್ಟೆ ತೊಳೆದು ರಂಗೋಲಿ ಬೇರೆ. ತಿಥಿ ಅಂದ್ರೆ ಹಾಕಬಾರದು ಅಂತ ಅವರ ಹೆಂಡತಿ ಮಹಾನಂದಮ್ಮನಿಗೆ ಆಮೇಲೆ ನೆನಪಾಗಿ, ಅಳಿಸ್ತಾ ಕೂತಿದ್ರು.

ಅಮ್ಮ ಬಂದ್ರು. ಒದ್ದೆ ಸೀರೆ, ಸ್ವಂತ ಹಗ್ಗ, ಸ್ವಂತ ಕೊಡ. ಬೀದೀಲಿ ಹಾಗೆ ನಡ್ಕೊಂಡು. ಮೊದಲನೇ ಕೊಡ ಬಂತು. ಎರಡನೇದಕ್ಕೆ ಕೈಯಿಂದ ಹಗ್ಗ ಜಾರ್ತು. ನಾನು ಹಿಡಿಯೋಕೆ ಹೋದೆ — "ಮುಟ್ಬೇಡ." ಮಡಿ.

ಮಹಾನಂದಮ್ಮ ಒಳಗೆ ಹೋದ್ರು. ವಾಪಸ್ ಬಂದಾಗ ತಲೆಯಿಂದ ಕಾಲಿನವರೆಗೂ ನೀರು ಸೋರ್ತಿತ್ತು. ಹಣೆ ವಿಭೂತಿಯೂ ಇಲ್ಲ. "ಈಗ ಹಿಡೀಬಹುದಾ ಮಿಸ್?"

ಅಮ್ಮ ಅವರ ಬರೀ ಹಣೆ ನೋಡಿದ್ರು, ಹಗ್ಗದ ತುದಿ ಚಾಚಿದ್ರು.

"ಹಿಡಿಯಮ್ಮ."

ಇಬ್ಬರೂ ಸೇರಿ ಐದು ಕೊಡ ಸೇದಿದ್ರು. ಆಮೇಲೆ ಅಮ್ಮ ಇನ್ನೊಂದು ಸೇದಿಸಿ, ನನ್ನ ಕಡೆ ತಿರುಗಿ, "ಇದು ಅವರಿಗಲ್ಲ, ನಿನಗೆ. ಕೈ ಒಡ್ಡು" ಅಂದ್ರು. ಮುಟ್ಟದೆ ಮೇಲಿಂದ ಬೊಗಸೆಗೆ ಸುರಿದ್ರು.

ಎರಡು ವರ್ಷ ಈ ಬೀದಿ ನೀರು ತುಂಬಿ, ಲೇಬಲ್ ಹಚ್ಚಿ, ಐಸ್ ಡಬ್ಬೀಲಿ ಇಟ್ಟಿದೀನಿ. ಕುಡಿದದ್ದು ಇವತ್ತೇ. ಇಬ್ಬರೂ ಚಳಿಗೆ ನಡುಗ್ತಾ ನನ್ನ ಮುಖಾನೇ ನೋಡ್ತಿದ್ರು. ತಣ್ಣಗಿದೆ ಅಮ್ಮ ಅಂದೆ, ತುಂಬಾ ಸಿಹಿ.