ಹಿಂದಿನ ಸೀಟಿನ ಆಸರೆ

ಮಾರ್ಚ್ 3, ಸೋಮವಾರ

ಬೈಕಿನ ಸೀಟು ಬಿಚ್ಚಿಸಿ ಕೊಟ್ಟು ಬಂದೆ. ಒಳಗಿನ ಸ್ಪಂಜು ಮುಟ್ಟಿದರೆ ರಸ್ಕಿನಂತೆ ಉದುರುತ್ತದೆ. ಹದಿನೆಂಟು ವರ್ಷ. ಮೆಕ್ಯಾನಿಕ್ ಪಟ್ಟಿ ಬರೆದುಕೊಂಡರು. ಹಿಂದಿನ ಸೀಟು ಎರಡಿಂಚು ಅಗಲ, ಒಳಗೆ ಜೆಲ್ ಪ್ಯಾಡ್. ಎತ್ತರದ ಬ್ಯಾಕ್‌ರೆಸ್ಟ್, ಎರಡೂ ಬದಿಗೆ ಆನಿಕೆ. ಕಾಲು ಜಾರದಂತೆ ಅಗಲವಾದ ಫುಟ್‌ಬೋರ್ಡ್. ಮುಂದೆ ವಿಂಡ್‌ಶೀಲ್ಡ್. ಮುಂದೆಯೂ ಹಿಂದೆಯೂ ಕ್ರ್ಯಾಶ್ ಗಾರ್ಡ್.

"ಏನ್ ಮೇಡಂ, ಇದು ಬೈಕಾ ಸೋಫಾನಾ?"

ಅಣ್ಣನಿಗೆ ಎಂದೆ. ಪೆನ್ನು ನಿಂತಿತು. "ಸಾರ್ ಹಿಂದೆ ಕೂರ್ತಾರಾ?" ಈ ಬೈಕನ್ನು ಅಣ್ಣನಲ್ಲದೆ ಬೇರೆಯವರು ಓಡಿಸಿದ್ದನ್ನು ಅವರು ಕಂಡಿಲ್ಲ. ನಾನು ಕಲಿತದ್ದೂ ಅಣ್ಣನಿಂದಲೇ. ಕಲಿತು, ಸ್ಕೂಟರ್ ಕೊಂಡು, ಮರೆತೆ.

ಅಣ್ಣ ಕೇಳಿದ್ದು ಒಂದೇ ಸಲ, ಟಿವಿ ನೋಡುತ್ತಾ. "ಸೇತುವೆ ತನಕ ಒಂದ್ಸಲ ಹೋಗಿ ಬರ್ಬೇಕು ಕಣೇ. ಕಾರಲ್ಲಲ್ಲ." ಇಪ್ಪತ್ತಾರು ಕಿಲೋಮೀಟರ್. ಸೇತುವೆ ಕಟ್ಟುವ ಮೊದಲು ಆ ದಡದ ಅಳತೆ ಹಿಡಿದ ಸರ್ವೇಯರ್ ಅವನು. ನರದ ಕಾಯಿಲೆ ಕಾಲಿಂದ ಕೈಗೆ ಬಂತು, ಈಗ ಕುತ್ತಿಗೆಗೆ. ತಲೆ ತಾನಾಗಿ ನಿಲ್ಲುವುದು ಇನ್ನೆರಡು ತಿಂಗಳು ಎಂದಿದ್ದಾರೆ ಡಾಕ್ಟರು. ಹೆಚ್ಚೆಂದರೆ.

ಮಾರ್ಚ್ 6, ಗುರುವಾರ

ಬ್ಯಾಕ್‌ರೆಸ್ಟಿಗೆ ಅಳತೆ ಬೇಕೆಂದು ಮೆಕ್ಯಾನಿಕ್ ಫೋನು. ಸೊಂಟದಿಂದ ಭುಜ, ಬೆನ್ನಿನ ಅಗಲ, ಬೀಳದಂತೆ ಕಟ್ಟುವ ಬೆಲ್ಟಿಗೆ ಎದೆಸುತ್ತು. ಟೇಪ್ ಹಿಡಿದು ಕೆಳಗಿನ ಮನೆಗೆ ಇಳಿದೆ. ಅತ್ತಿಗೆ ಔಷಧಿ ತರಲು ಹೋಗಿದ್ದರು. ಅಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಬಾಗಿಲ ಹಿಂದೆ ಅವನ ರೈಡಿಂಗ್ ಜಾಕೆಟ್ ನೇತಾಡುತ್ತಿತ್ತು. ಅದನ್ನೇ ಮೇಜಿನ ಮೇಲೆ ಹರಡಿ ಅಳೆದೆ.

ನಿದ್ದೆ ಕೆಡಿಸಬಾರದೆಂದು ಹಾಗೆ ಮಾಡಿದೆ — ಎಂದು ಬರೆಯಹೊರಟೆ. ನಿಜವೆ? ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಜನರ ಕಣ್ಣಿನ ಅಂತರ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತೇನೆ. ಮುಖಕ್ಕೆ ಮುಖ ಕೊಟ್ಟೇ.

ಮಾರ್ಚ್ 15, ಶನಿವಾರ

ಬೈಕು ಬಂತು. ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಮೆಕ್ಯಾನಿಕ್ ಒಂದು ಕಡೆ, ಅತ್ತಿಗೆ ಒಂದು ಕಡೆ, ಅಣ್ಣನನ್ನು ಎತ್ತಿ ಕೂರಿಸಿದರು. ಅಗಲವಾದ ಆ ಆಸರೆಯೊಳಗೆ ಅವನು ಮೆಲ್ಲಗೆ ಎಡಕ್ಕೆ ವಾಲಿದ. ಬೆಲ್ಟು ಕೊನೆಯ ತೂತಿಗೆ ಬಂದರೂ ನನ್ನ ಮುಷ್ಟಿ ಒಳಗೆ ಹೋಗುತ್ತಿತ್ತು.

ಅಣ್ಣ ಕೇಳಿದ, "ಯಾರ ಅಳತೆಯೇ ಇದು?"

"ನಿಂದೇ. ಜಾಕೆಟ್ ನೋಡಿ ತಗೊಂಡೆ."

ಅತ್ತಿಗೆ ಮುಖ ಆಚೆ ತಿರುಗಿಸಿದರು. ಮೆಕ್ಯಾನಿಕ್ ಇಲ್ಲದ ನಟ್ಟನ್ನು ಬಿಗಿ ಮಾಡತೊಡಗಿದರು.

"ಸರ್ವೇಯರ್ ತಂಗಿಯಾಗಿ ಹಳೇ ನಕ್ಷೆ ನೋಡಿ ಅಳತೆ ಬರ್ದಿದೀಯಲ್ಲೇ, ಸೋಡಾಬುಡ್ಡಿ," ಎಂದ ಅಣ್ಣ. "ಜಾಗಕ್ಕೆ ಹೋಗಿ ಟೇಪ್ ಹಿಡೀಬೇಕು."

ಇಳಿಸುವುದಕ್ಕೆ ಇಬ್ಬರೂ ಬೇಕಾಗಲಿಲ್ಲ. ಮೆಕ್ಯಾನಿಕ್ ಒಬ್ಬರೇ ಸಾಕಾದರು.

ಮಾರ್ಚ್ 16, ಭಾನುವಾರ

ಇವತ್ತು ಅಳೆದೆ. ಅಂಗಿ ಬಿಚ್ಚಿಸಿ.

"ಶವಪೆಟ್ಟಿಗೆಗಲ್ಲ ತಾನೆ?"

"ಬಾಯ್ಮುಚ್ಕೊಂಡು ಕೂತ್ಕೋ."

"ನಂಬರ್ ಜೋರಾಗಿ ಹೇಳು. ಟೇಪ್ ಹಿಡಿದೋನು ಕೂಗ್ಬೇಕು, ಬರೆಯೋನು ತಿರುಗಿ ಕೂಗ್ಬೇಕು. ಆಗ್ಲೇ ತಪ್ಪಾಗಲ್ಲ."

ಹಾಗೇ ಮಾಡಿದೆವು. ನಾನು ಕೂಗಿದೆ, ಅತ್ತಿಗೆ ತಿರುಗಿ ಕೂಗಿ ಬರೆದುಕೊಂಡರು. ಬೆನ್ನಗಲ ಹದಿಮೂರು. ಎಡಭುಜ ಬಲಕ್ಕಿಂತ ಒಂದಿಂಚು ತಗ್ಗು. ಎದೆಸುತ್ತು ಮೂವತ್ತಮೂರು. ಜಾಕೆಟ್ಟಿನದು ನಲವತ್ತೆರಡು. ಮೂವತ್ತಮೂರನ್ನು ಕೂಗದೆ ಮೆಲ್ಲಗೆ ಹೇಳಿದೆ.

"ಕೇಳಿಸ್ಲಿಲ್ಲ," ಎಂದ ಅಣ್ಣ. ಕೇಳಿಸಿತ್ತು. ಮತ್ತೆ ಹೇಳಿಸಿದ. ಅತ್ತಿಗೆ ಕೂಗದೆ ಬರೆದುಕೊಂಡರು.

ಕೊನೆಗೆ, "ಆ ವಿಂಡ್‌ಶೀಲ್ಡ್ ತೆಗೆಸ್ಬಿಡು. ಗಾಳಿ ಬೇಡ ಅಂದಿದ್ರೆ ಕಾರಲ್ಲೇ ಹೋಗ್ತಿದ್ದೆ."

ಮಾರ್ಚ್ 23, ಭಾನುವಾರ

ಹಿಂದಿನ ಸೀಟಿಗೆ ಐವತ್ತು ಕಿಲೋ ಮರಳಿನ ಮೂಟೆ ಕಟ್ಟಿಕೊಂಡು ಮೈದಾನದಲ್ಲಿ ಅಭ್ಯಾಸ. ಹೊಸ ಬೆಲ್ಟು, ಬೈಕು ಬಿದ್ದರೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದು. ಹಾಗಿಲ್ಲದಿದ್ದರೆ ಬೈಕು ಕೊಡುವುದೇ ಇಲ್ಲವೆಂದು ಮೆಕ್ಯಾನಿಕ್ ಹಟ ಹಿಡಿದಿದ್ದರು. ಎಂಟು ಸುತ್ತು ಸರಿಯಾಗಿ ಬಂತು. ಒಂಬತ್ತನೆಯದರಲ್ಲಿ, ನಿಧಾನಕ್ಕೆ ತಿರುಗಿಸುವಾಗ, ಕ್ಲಚ್ ಬೇಗ ಬಿಟ್ಟೆ. ಎಡಕ್ಕೆ ಬಿದ್ದೆವು. ನಾನೂ ಮೂಟೆಯೂ. ಗಾರ್ಡು ನೆಲಕ್ಕೆ ಆನಿತು. ಅದಿಲ್ಲದಿದ್ದರೆ ನನ್ನ ಕಾಲು ಹೋಗುತ್ತಿತ್ತು.

ಮನೆಗೆ ಬಂದು ನಗುನಗುತ್ತಾ ಹೇಳಿದೆ. ಯಾಕೆ ನಕ್ಕೆನೊ.

"ಮರಳು ಚೆಲ್ಲಿದ್ರೆ ಗುಡಿಸ್ತೀಯ," ಎಂದರು ಅತ್ತಿಗೆ. "ಇವರು ಬಿದ್ರೆ ಏನ್ ಮಾಡ್ತೀಯ?"

ಬೈಕಿನ ಕೀ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದ.

ಮಾರ್ಚ್ 26, ಬುಧವಾರ

ಅವನು ಕೇಳಿದ್ದು ಒಂದು ಸಲ. ನಾನು ಓಡಾಡುತ್ತಿರುವುದು ಇಪ್ಪತ್ತಮೂರು ದಿನ. ನನ್ನ ಆಸೆಗೆ ಅವನ ಹೆಸರಿಟ್ಟುಕೊಂಡಿದ್ದೇನೆಯೆ?

ಏಪ್ರಿಲ್ 8, ಮಂಗಳವಾರ

ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಬಂದರು. ಕನ್ನಡಕದ ಕಡ್ಡಿ ಸಡಿಲವಾಗಿದೆಯಂತೆ. ನೋಡಿದೆ. ಏನೂ ಆಗಿರಲಿಲ್ಲ. ಸುಮ್ಮನೆ ಸ್ಕ್ರೂ ತಿರುಗಿಸಿದಂತೆ ಮಾಡಿ ಕೊಟ್ಟೆ.

"ನಿನ್ನೆ ಊಟ ಮಾಡ್ತಾ ಅವರ ತಲೆ ಮುಂದಕ್ಕೆ ಬಿತ್ತು. ನಾನೇ ಎತ್ತಿ ಹಿಡ್ಕೊಂಡೆ," ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಕನ್ನಡಿ ನೋಡುತ್ತಾ, "ಮೂಟೆ ಗೀಟೆ ಸಾಕು. ಭಾನುವಾರ ನನ್ನ ಕೂರಿಸ್ಕೊಂಡು ಹೋಗು. ನಾನು ಅವರಿಗಿಂತ ಭಾರ. ನನ್ನ ಬೀಳಿಸದೆ ವಾಪಸ್ ತಂದ್ರೆ ಕೀ ಕೊಡ್ತೀನಿ."

"ಕೀ ಕೊಡದೆ ಹೇಗ್ ಕರ್ಕೊಂಡ್ ಹೋಗ್ಲಿ, ಅತ್ತಿಗೆ?"

ಹದಿನೈದು ದಿನದಲ್ಲಿ ಮೊದಲ ಸಲ ನಕ್ಕರು.

ಏಪ್ರಿಲ್ 13, ಭಾನುವಾರ

ಸೇತುವೆಯವರೆಗೂ ಹೋಗಿ ಬಂದೆವು, ನಾನು, ಅತ್ತಿಗೆ. ಕೈಕಾಲು ಆಡಿಸದೆ, ಅಣ್ಣನ ಹಾಗೇ ಕೂತಿದ್ದರು. ಮೊದಲ ರಸ್ತೆ ಉಬ್ಬಿಗೆ "ಅಯ್ಯಯ್ಯೋ" ಎಂದದ್ದು ಬಿಟ್ಟರೆ ಸದ್ದಿಲ್ಲ. ಇಳಿದ ಮೇಲೆ ಹೆಲ್ಮೆಟ್ ತೆಗೆಯಲಿಲ್ಲ ಸ್ವಲ್ಪ ಹೊತ್ತು. ತೆಗೆದಾಗ ಕಣ್ಣು ಕೆಂಪಾಗಿತ್ತು.

"ಎಡಗಡೆ ಬಕಲ್ ಪಕ್ಕೆಗೆ ಒತ್ತುತ್ತೆ. ಅವರು ಹೇಳಲ್ಲ. ಕೆಳಗೆ ದಪ್ಪ ಬಟ್ಟೆ ಹಾಕ್ಸು. ಇನ್ನೊಂದು — ಹಿಂದೆ ಕೂತು ಕೂಗಿದ್ರೂ ನಿಂಗೆ ಕೇಳಿಸಲ್ಲ. ನಾನು ಕೂಗಿ ನೋಡ್ದೆ."

"ಏನಂತ?"

"ನಿಧಾನ ಅಂತ. ಎರಡು ಸಲ."

ಕೀ ವಾಪಸ್ ಕೇಳದೆ ನನ್ನ ಹತ್ತಿರವೇ ಬಿಟ್ಟರು.

ಏಪ್ರಿಲ್ 18, ಶುಕ್ರವಾರ

ಅಣ್ಣನಿಗೆ ಈಗ ಕೂಗುವಷ್ಟು ದನಿಯೂ ಇಲ್ಲ. ಬಲಗೈ ಹೆಬ್ಬೆರಳಿಗೆ ಮಾತ್ರ ಇನ್ನೂ ಶಕ್ತಿಯಿದೆ. ಮೆಕ್ಯಾನಿಕ್ ಅಲ್ಲಿಗೇ ಸ್ವಿಚ್ ಕೂರಿಸಿಕೊಟ್ಟರು. ಮೊದಲು ಹಾಕಿದ್ದು ಗಟ್ಟಿಯಾಯಿತೆಂದು ಬದಲಾಯಿಸಿ, ಮುಟ್ಟಿದರೆ ಸಾಕು ಎನ್ನುವಂಥದನ್ನು. ಒಂದು ಸಲ ಒತ್ತಿದರೆ ನಿಧಾನ. ಎರಡು ಸಲ, ಹೋಗು. ಒತ್ತಿ ಹಿಡಿದರೆ ನಿಲ್ಲಿಸು. ಅವರ ಬಳಿ ಇದ್ದ ಬಜರ್ ಒಂದೇ, ಲಾರಿ ರಿವರ್ಸ್ ತೆಗೆಯುವಾಗ ಕೂಗುವುದು. ಅಂಗಳದಲ್ಲಿ ಪರೀಕ್ಷೆ ಮಾಡಿದಾಗ ಪಕ್ಕದ ಮನೆಯವರು ಓಡಿ ಬಂದು ತಮ್ಮ ಕಾರು ಪಕ್ಕಕ್ಕೆ ಹಾಕಿದರು.

ಅಣ್ಣ ನಕ್ಕ. ನಕ್ಕು, ಕೆಮ್ಮು ಹತ್ತಿ, ಹತ್ತು ನಿಮಿಷ ನಿಲ್ಲಲಿಲ್ಲ. ಅತ್ತಿಗೆ ಎದೆ ನೀವುತ್ತಾ ನನ್ನನ್ನೇ ನೋಡುತ್ತಿದ್ದರು. ಸೇತುವೆಗೆ ಹೋಗುವುದನ್ನು ಮುಂದಿನ ತಿಂಗಳಿಗೆ ಬಿಡುವಂತಿಲ್ಲ.

ಏಪ್ರಿಲ್ 20, ಭಾನುವಾರ, ಬೆಳಿಗ್ಗೆ 6.20

ಕೂರಿಸಿ ಆಗಿದೆ. ಕುತ್ತಿಗೆಗೆ ಕಾಲರ್, ಹಗುರ ಹೆಲ್ಮೆಟ್, ಬಕಲಿನ ಕೆಳಗೆ ದಪ್ಪ ಬಟ್ಟೆ. ಮೆಕ್ಯಾನಿಕ್ ಬೆಲ್ಟನ್ನು ಮೂರು ಸಲ ಎಳೆದು ನೋಡಿದರು. ಅವರ ವ್ಯಾನಿನಲ್ಲಿ ಅತ್ತಿಗೆ ಹಿಂದೆಯೇ ಬರುತ್ತಾರೆ.

ಬ್ಯಾಕ್‌ರೆಸ್ಟು ಮತ್ತೆ ಸಡಿಲ. ಐದು ವಾರದ ಹಿಂದೆ ಅಂಗಿ ಬಿಚ್ಚಿಸಿ ಹಿಡಿದ ಅಳತೆ. ಇಂಚಿನಷ್ಟು ಬೆರಳು ಒಳಗೆ ಹೋಯಿತು. ಅತ್ತಿಗೆ ಒಳಗೆ ಹೋಗಿ, ಬಾಗಿಲ ಹಿಂದಿನ ಜಾಕೆಟ್ ತಂದು, ಮಡಚಿ, ಅವನ ಬೆನ್ನಿಗೆ ಕೊಟ್ಟರು. ಸರಿಯಾಗಿ ಕೂತಿತು.

ಗ್ಲೌಸ್ ತರುತ್ತೇನೆಂದು ಮೇಲೆ ಬಂದೆ. ಗ್ಲೌಸ್ ಜೇಬಿನಲ್ಲೇ ಇವೆ.

ಗಾರ್ಡು ಕಾಲನ್ನು ಉಳಿಸುತ್ತದೆ. ಕುತ್ತಿಗೆಯನ್ನಲ್ಲ. ಆ ಒಂಬತ್ತನೆಯ ಸುತ್ತಿನಲ್ಲಿ ಕ್ಲಚ್ ಬಿಟ್ಟ ಬೆರಳುಗಳೇ ಇವು, ಈಗ ಇದನ್ನು ಬರೆಯುತ್ತಿರುವವು. ಈಗಲೂ ಬೇಡ ಎನ್ನಬಹುದು. ಅಣ್ಣ ಬೇಸರ ಮಾಡಿಕೊಳ್ಳುವುದಿಲ್ಲ. ಕಾರಿನಲ್ಲಿ ಹೋಗೋಣ, ಕಿಟಕಿ ಇಳಿಸಿಕೊಂಡು, ಎಂದರೆ ಆಗಲಿ ಎಂದಾನು. ಇಳಿದು ಹೋಗಿ ಹಾಗೆಂದುಬಿಟ್ಟರೆ —

ಬಜರ್. ಒಂದು.

ಒಂದು ಎಂದರೆ ನಿಧಾನ. ಹೊರಟೇ ಇಲ್ಲವಲ್ಲ, ನಿಧಾನ ಯಾಕೆ? ಅಥವಾ ಹೆಬ್ಬೆರಳು ಅಷ್ಟಕ್ಕೇ ಸೋತು —

ಎರಡು