ಲೋಹಕ್ಕೆ ಹೊಡೆದ ಔಷಧಿ

ಕೊಪ್ಪ
14 ಸೆಪ್ಟೆಂಬರ್ 1981

ಗೆಳೆಯ ರೇಣುಕಪ್ಪನಿಗೆ ವಹಾಬನ ಸಲಾಮು, ನಮಸ್ಕಾರ ಎರಡೂ.

ನಿನ್ನ ಎರಡು ಕಾಗದಗಳು ಬಂದು ನನ್ನ ಅಂಗಿ ಜೇಬಿನಲ್ಲೇ ಮೆತ್ತಗಾಗಿವೆ. ಉತ್ತರ ಬರೆಯದ್ದಕ್ಕೆ ಬೈದುಕೋ, ಸಾಲದಿದ್ದರೆ ನಿನ್ನ ಮನೆಯವರು ಸರ್ವಮಂಗಳಾ ಅವರಿಂದಲೂ ಬೈಸು. ‘ನಾವಿಲ್ಲಿ ಕ್ಷೇಮ’ ಎಂದು ಶುರುಮಾಡುವುದು ರೂಢಿ. ಈ ಸಲ ಅದನ್ನು ಬರೆಯಲು ಕೈ ಬರುತ್ತಿಲ್ಲ ಮಾರಾಯ. ಮೊದಲು ಕೆಲಸದ ಮಾತು ಹೇಳಿಬಿಡುತ್ತೇನೆ. ಗುರುವ ಎಂಬುವನು ಕೂಲಿ ಕೇಳಿಕೊಂಡು ಶಿವಮೊಗ್ಗದಲ್ಲಿ ನಿನ್ನ ಸಾಮಿಲ್ಲಿಗೆ ಬಂದಿದ್ದಾನಾ ನೋಡು. ನಲವತ್ತು ದಾಟಿದವನು, ಕುಳ್ಳ, ಎಡಹುಬ್ಬಿನ ಮೇಲೆ ಗಾಯದ ಕಲೆ, ಮಾತಾಡುವಾಗ ಕಣ್ಣು ನೆಲದ ಮೇಲೆ. ಇಪ್ಪತ್ತು ದಿನದಿಂದ ಅವನ ಸುದ್ದಿ ಇಲ್ಲ. ನಿನ್ನ ಮಿಲ್ಲಿನಲ್ಲಿ ಇಲ್ಲದಿದ್ದರೆ ಪಕ್ಕದ ಮಿಲ್ಲುಗಳಲ್ಲೂ ವಿಚಾರಿಸು. ಅವನು ಸಿಗಲೇಬೇಕು.

ಯಾರವನು, ನನಗೇನಾಗಬೇಕು ಎಂದು ಕೇಳುತ್ತೀಯ. ಹೇಳುತ್ತೇನೆ.

ಭಂಡಿಗಡಿಯ ಉಮಾಮಹೇಶ್ವರಯ್ಯನವರು ವಾಯುಪಡೆಯ ಹರಾಜಿನಲ್ಲಿ ಮೂರು ಹಳೆಯ ವಿಮಾನ ಹಿಡಿದದ್ದು, ನನ್ನನ್ನು ಕರೆಸಿಕೊಂಡದ್ದು ನಿನಗೆ ಗೊತ್ತಿದೆ. ಒಂದು ಬಟ್ಟೆ ಹೊದಿಸಿದ ರೆಕ್ಕೆಯ ಪುಟ್ಟ ವಿಮಾನ, ಒಂದು ಬರೀ ಅಸ್ಥಿಪಂಜರ, ಇನ್ನೊಂದು ನಾವು ವಾಯುಪಡೆಯಲ್ಲಿದ್ದಾಗಿನ ನಮ್ಮ ಹಾರ್ವರ್ಡು, ಮೈಯೆಲ್ಲ ಅಲ್ಯೂಮಿನಿಯಮ್. ಎಷ್ಟು ವರ್ಷ ಅದರ ಹೊಟ್ಟೆಯೊಳಗೆ ನಾವಿಬ್ಬರೂ ಮಲಗಿಕೊಂಡು ರಿವೆಟ್ ಹೊಡೆದಿಲ್ಲ! ರೆಕ್ಕೆ ಬಿಚ್ಚಿ ಲಾರಿಯ ಮೇಲೆ ತಂದು, ಊರ ಹೊರಗೆ ನಿಂತುಹೋದ ಅಕ್ಕಿ ಗಿರಣಿಯಲ್ಲಿ ಇಟ್ಟೆವು. ಊರವರು ಅಯ್ಯನವರಿಗೆ ಹುಚ್ಚು ಎಂದರು. ಆ ಹುಚ್ಚನ ಜೊತೆ ಒಬ್ಬ ಸಾಬಿ ಬೇರೆ ಎಂದರು. ಅನ್ನಲಿ. ಚಿಕ್ಕ ಪೆನ್ಶನಿನಲ್ಲಿ ಸೈಕಲ್ ಪಂಕ್ಚರ್ ಹಾಕಿಕೊಂಡಿದ್ದ ನನಗೆ ಮತ್ತೆ ಕೈಗೆ ವಿಮಾನ ಸಿಕ್ಕಿತ್ತು. ದಸರೆಗೆ ಬಾಗಿಲು ತೆರೆದು ಶಾಲೆಯ ಮಕ್ಕಳಿಗೆಲ್ಲ ತೋರಿಸಬೇಕು ಎಂಬುದು ಅಯ್ಯನವರ ಆಸೆ.

ಗುರುವ ಅಯ್ಯನವರ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವವನು. ಮರ ಹತ್ತುವ ಕಾಲು ನೋಯುತ್ತದೆಂದು ಗಿರಣಿಗೆ ನನ್ನ ಕೈಕೆಳಗೆ ಹಾಕಿದರು. ಬಟ್ಟೆ ರೆಕ್ಕೆಗೆ ಹೊಲಿಗೆ ಹಾಕುವುದನ್ನು ಮೂರೇ ದಿನದಲ್ಲಿ ಕಲಿತ. ನೀನು ಆರು ತಿಂಗಳು ತಗೊಂಡಿದ್ದೆ, ನೆನಪಿದೆಯಾ? ಬೆಳಿಗ್ಗೆ ಬಂದವನು ಮೊದಲು ಹಾರ್ವರ್ಡಿನ ಮೂತಿ ತಟ್ಟಿ, “ಎದ್ಯೇನೋ?” ಎಂದು ಕೇಳಿಯೇ ಕೆಲಸಕ್ಕೆ ಕೂರುತ್ತಿದ್ದ. ನಾಲ್ಕು ತಿಂಗಳು ನಾವಿಬ್ಬರೂ ಅದರ ಹಳೆಯ ಬಣ್ಣ ಕೆರೆದು ಮೈ ಬೆಳ್ಳಗೆ ಮಾಡಿದೆವು. ಬೆಂಗಳೂರಿನಿಂದ ಅಡಿಬಣ್ಣದ ಪ್ರೈಮರ್ ಬರಬೇಕಿತ್ತು, ಬರಲಿಲ್ಲ. ಬರಿಮೈಯಲ್ಲಿ ನಿಂತ ಲೋಹಕ್ಕೆ ಈ ಊರಿನ ತೇವದಲ್ಲಿ ದಿನಾ ಬಿಳಿ ಪುಡಿ ಏಳುತ್ತಿತ್ತು. ದಿನಾ ಎಣ್ಣೆಬಟ್ಟೆಯಲ್ಲಿ ಒರೆಸುವುದು ನನ್ನ ಪಾಲಿನ ಕರ್ಮ.

ಆಗಸ್ಟಿನಲ್ಲಿ ಬಟ್ಟೆ ರೆಕ್ಕೆಗೂ ಬೂಷ್ಟು ಹಿಡಿಯಿತು. ಇಲ್ಲಿ ಯಾವುದಕ್ಕೆ ಬೂಷ್ಟು ಬಂದರೂ ಜನ ಮೊದಲು ನೆನೆಸುವುದು ಮೈಲುತುತ್ತವನ್ನೇ. ಮೈಲುತುತ್ತ, ಸುಣ್ಣ ಕದಡಿ ಹೊಡೆದರೆ ಅಡಿಕೆಗೊನೆಯೇ ಉಳಿಯುತ್ತದೆ, ಬಟ್ಟೆ ಉಳಿಯದೇ? ಅದೂ ಸುಳ್ಳಲ್ಲ, ಕ್ಯಾನ್ವಾಸಿಗೆ ಅದು ಒಳ್ಳೆಯದೇ. ಬಟ್ಟೆಗೆ ಹೊಡೆಯೋಣ ಎಂದು ನಾನೂ ಒಪ್ಪಿದ್ದೆ. ಅಷ್ಟರಲ್ಲಿ ನರಸಿಂಹರಾಜಪುರದಲ್ಲಿ ನನ್ನ ತಮ್ಮ ಮಜೀದನ ಮಗಳ ನಿಕಾಹ್ ಬಂತು. ಮೂರು ದಿನ ಅಲ್ಲೇ ಉಳಿದೆ. ತಿರುಗಿ ಬಂದು ಗಿರಣಿಯ ಬಾಗಿಲು ತೆಗೆಯುತ್ತೇನೆ, ಯಾ ಅಲ್ಲಾ! ಹಾರ್ವರ್ಡಿನ ಮೂತಿಯಿಂದ ಬಾಲದವರೆಗೆ ನೀಲಿ ಹೊಡೆದಿದೆ. ಒರೆಸಿ ನೋಡಿದರೆ ಅಡಿಯಲ್ಲಿ ಕಪ್ಪು ಚುಕ್ಕೆ, ಚುಕ್ಕೆಯೊಳಗೆ ತೂತು.

ನಿನಗೆ ಬಿಡಿಸಿ ಹೇಳಬೇಕಾ? ಮೈಲುತುತ್ತವೆಂದರೆ ತಾಮ್ರವೇ. ಅಲ್ಯೂಮಿನಿಯಮ್ಮಿಗೆ ತಾಮ್ರ ತಾಗಿದರೆ ಗೆದ್ದಲು ಹತ್ತಿದ ಹಾಗೆ ಎಂದು ಜಾಲಹಳ್ಳಿಯ ವಾಯುಪಡೆ ತರಬೇತಿಯಲ್ಲಿ ಮೊದಲ ವಾರವೇ ನಮ್ಮ ತಲೆಗೆ ಬಡಿದಿದ್ದರು. ಎಷ್ಟು ತೊಳೆದರೂ ನಿಲ್ಲಲಿಲ್ಲ. ಈಗ ರೆಕ್ಕೆಯ ಬುಡದಲ್ಲಿ ಉಗುರಿನಿಂದ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯುತ್ತದೆ. ಅದು ಹೋಯಿತು, ರೇಣುಕ. ಅದರ ಆಸೆ ಬಿಟ್ಟಿದ್ದೇನೆ.

ಅಯ್ಯನವರು ಬಂದು ನೋಡಿ ಕಿರುಚಲಿಲ್ಲ, ಬೈಯಲಿಲ್ಲ. ಅಲ್ಲೇ ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಆಮೇಲೆ, “ಯಾರು ಹೊಡೆದದ್ದು ಇದಕ್ಕೆ?” ಎಂದು ಮಾತ್ರ ಕೇಳಿದರು. ಗುರುವ ಮುಂದೆ ಬಂದ.

“ನಾನೇ ಅಯ್ಯಾ. ನಂದೇ ತಪ್ಪು.”

“ಯಾರಾದ್ರೂ ಹೇಳಿದ್ರನಾ, ನೀನೇ ಹೊಡೆದದ್ದನಾ?”

“ಯಾರೂ ಹೇಳ್ಳಿಲ್ಲ ಅಯ್ಯಾ.”

“ಹಾಗಾದ್ರೆ ನೀನು ಇನ್ನು ನನ್ನ ಕಣ್ಣೆದುರು ಬರಬೇಡ,” ಎಂದರು. ಇಪ್ಪತ್ತೆರಡು ವರ್ಷ ಅವರ ಬಿಡಾರದಲ್ಲಿದ್ದ ಸಂಸಾರ. ಮಾರನೆಯ ದಿನ ಮಧ್ಯಾಹ್ನದೊಳಗೆ ಪಾತ್ರೆ ಚಾಪೆ ಹೊತ್ತುಕೊಂಡು ಶೃಂಗೇರಿಯಾಚೆಯ ಕೆರೆಕಟ್ಟೆ ಊರಿಗೆ, ಹೆಂಡತಿಯ ಅಕ್ಕನ ಮನೆಗೆ ಹೋದರು. ನಾನು ಗಿರಣಿಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಮುಂದೆಯೇ ಹೋದರು.

ಹೋದ ವಾರ ತಡೆಯಲಾರದೆ ಕೆರೆಕಟ್ಟೆಗೆ ಹೋಗಿ ಬಂದೆ. ಶೃಂಗೇರಿಯಿಂದ ಮುಂದಕ್ಕೆ ಇರುವ ಒಂದು ಬಸ್ಸೂ ಆವತ್ತು ಕೆಟ್ಟಿತ್ತು. ಒಂದಷ್ಟು ದೂರ ಮರ ಸಾಗಿಸುವ ಲಾರಿಯಲ್ಲಿ, ಉಳಿದದ್ದು ನಡೆದು. ಗುರುವನ ಹೆಂಡತಿ ಬಸವಮ್ಮ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ನನ್ನನ್ನು ಕಂಡು ಕೊಡಲಿ ಕೆಳಗಿಟ್ಟಳು.

“ಅವ್ರು ಇಲ್ಲ ಸಾಯ್ಬ್ರೇ. ಇಲ್ಲಿ ಕೆಲಸಕ್ಕೆ ಯಾರೂ ಕರೀಲಿಲ್ಲ. ಅಯ್ಯನ ವಿಮಾನ ಹಾಳು ಮಾಡ್ದವ ಅಂತ ಇಲ್ಲೀವರೆಗೂ ಸುದ್ದಿ ಬಂದಿತ್ತು. ಮೂರು ದಿನ ಅನ್ನ ಮುಟ್ಲಿಲ್ಲ. ಒಂದು ಬೆಳಿಗ್ಗೆ ನೋಡ್ತೆ, ಮನುಷ್ಯನೇ ಇಲ್ಲ.”

ಕಾಡಿಗೆ ಹೋದನಾ, ಘಟ್ಟ ಇಳಿದನಾ, ಹೊಳೆಗೆ... ಅದನ್ನು ಬರೆಯುವುದಿಲ್ಲ. ಶಿವಮೊಗ್ಗದ ಸಾಮಿಲ್ಲುಗಳಲ್ಲಿ ಕೆಲಸ ಸಿಗುತ್ತದಂತೆ ಎಂದು ಅವಳ ಹತ್ತಿರ ಒಮ್ಮೆ ಹೇಳಿದ್ದನಂತೆ. ನನಗೆ ಉಳಿದಿರುವುದು ಆ ಒಂದು ದಾರಿ. ಹೊರಡುವಾಗ ಅವಳು ಕೇಳಿದಳು, “ಆವತ್ತು ನೀವಲ್ಲಿ ಇರ್ಲಿಲ್ವಾ ಸಾಯ್ಬ್ರೇ?” ನಿಕಾಹಿಗೆ ಹೋಗಿದ್ದೆ ಎಂದೆ. “ನೀವಿದ್ದಿದ್ರೆ ಹೀಂಗೆ ಆಗ್ತಿರ್ಲಿಲ್ಲ,” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ನನಗೆ ಕುಡಿಯಲು ಕಾಫಿ ಕೊಟ್ಟಳು. ಆ ಕಾಫಿಯನ್ನು ಹೇಗೆ ಕುಡಿದೆನೋ ಆ ದೇವರಿಗೇ ಗೊತ್ತು.

ಮನೆಯಲ್ಲಿ ನಮ್ಮಾಕೆ ಫಕ್ರುನ್ನೀಸಾ, “ಎಂತ ಆಯ್ತು ನಿಮ್ಗೆ? ಊಟಕ್ಕೆ ಕೂತು ಗೋಡೆ ನೋಡ್ತೀರಿ,” ಎನ್ನುತ್ತಾಳೆ. ವಿಮಾನ ಹೋಯಿತಲ್ಲ, ಅದಕ್ಕೆ ಎನ್ನುತ್ತೇನೆ. ಪಾಪ, ನಂಬುತ್ತಾಳೆ. ನಮಾಜಿಗೆ ನಿಂತರೆ ಬಾಯಿಗೆ ಬರುವ ಮಾತು ಅರ್ಧಕ್ಕೇ ನಿಲ್ಲುತ್ತದೆ. ನನಗೆ ಹುಚ್ಚು ಹಿಡಿಯುತ್ತದೆ ರೇಣುಕ. ಹೇಗಾದರೂ ಮಾಡಿ ಅವನನ್ನು ಹುಡುಕು. ಸಿಕ್ಕಿದರೆ ಬಿಡಬೇಡ, ನಿನ್ನ ಮನೆಯಲ್ಲೇ ಇಟ್ಟುಕೋ, ನನಗೆ ತಂತಿ ಕೊಡು.

ಸರ್ವಮಂಗಳಾ ಅವರಿಗೆ ನನ್ನ ನಮಸ್ಕಾರ. ನಿನ್ನ ಮೊಮ್ಮಗಳ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಮಂಡಿನೋವು ಇಳಿಯಲಿ, ನಿನ್ನ ಮನೆಯ ಒಲೆ ಎಂದೂ ಆರದಿರಲಿ.

ನಿನ್ನ
ಅಬ್ದುಲ್ ವಹಾಬ್

ವಿ.ಸೂ. ಕಾಗದ ಮಡಿಸಿ, ಅಂಟಿಸಲು ಹೋಗಿ, ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮಾತು ನುಂಗಿದ್ದೇನೆ. ನಿಕಾಹಿಗೆ ಹೊರಟ ಬೆಳಿಗ್ಗೆ ಗುರುವ ಗಿರಣಿಯ ಅಂಗಳದಲ್ಲಿ ಔಷಧಿ ಕದಡುತ್ತಿದ್ದ. ಹಾರ್ವರ್ಡಿಗೂ ಒಂದು ಕೈ ಹೊಡಿ ಎಂದವನು ನಾನು. ದಿನಾ ಆ ಬಿಳಿ ಪುಡಿ ಒರೆಸಿ ಸಾಕಾಗಿತ್ತು, ಮೂರು ದಿನ ಒರೆಸುವವರಿರಲಿಲ್ಲ, ಔಷಧಿಯ ಪದರ ಕೂತರೆ ತೇವ ತಾಗದು, ಸುಣ್ಣ ಬಿದ್ದ ಮೇಲೆ ತಾಮ್ರ ಏನು ಮಾಡೀತು ಎಂಬ ಸೊಕ್ಕು. ಇಲ್ಲಿಯವರು ಔಷಧಿ ಕದಡಿದ ಮೇಲೆ ಅದರಲ್ಲಿ ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಸತ್ತಿಲ್ಲ, ಸುಣ್ಣ ಸಾಲದು ಎಂದು ಅರ್ಥ. ಗುರುವ ಕತ್ತಿ ಎತ್ತಿ ತೋರಿಸಿದ. “ಕೆಂಪು ಹತ್ತುತ್ತೆ ಸಾಯ್ಬ್ರೇ, ಸುಣ್ಣ ಮುಗೀತು. ನಾಳೆ ತಂದು ಹೊಡೀಲಾ?” ಎಂದು ಕೇಳಿದ. ನಾನು ಕಣ್ಣಾರೆ ಕಂಡೆ. ಬಸ್ಸು ಹೊರಡುವ ಹೊತ್ತಾಗಿತ್ತು. “ಹೊಡಿ ಮಾರಾಯ, ಎಂತ ಆಗಲ್ಲ, ನನಗಿಂತ ಹೆಚ್ಚು ಗೊತ್ತನಾ ನಿನಗೆ?” ಎಂದೆ.

ಅಯ್ಯನವರ ಮುಂದೆ ಅವನು ‘ಯಾರೂ ಹೇಳಲಿಲ್ಲ’ ಎಂದಾಗ ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಹೇಳಿಬಿಡುತ್ತೇನೆ ಎಂದು ನಾಲ್ಕು ಸಲ ಅವರ ಜಗಲಿ ಹತ್ತಿದೆ. ನಾಲ್ಕು ಸಲವೂ ಮಳೆಯ ಮಾತಾಡಿ, ಎಲೆ ಅಡಿಕೆ ಹಾಕಿ ಎದ್ದು ಬಂದೆ. ನನ್ನ ಮೇಲೆ ನನಗೆ ನಂಬಿಕೆ ಹೋಗಿದೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಗುರುವ ಸಿಗಲಿ ಸಿಗದಿರಲಿ, ಈ ಕಾಗದವನ್ನು ನೀನೇ ಅಯ್ಯನವರಿಗೆ ಕಳಿಸು. ಉಮಾಮಹೇಶ್ವರಯ್ಯ, ಭಂಡಿಗಡಿ, ಕೊಪ್ಪ ತಾಲ್ಲೂಕು ಎಂದರೆ ತಲುಪುತ್ತದೆ. ಕಳಿಸಬೇಡ ಎಂದು ನಾಳೆಯೋ ನಾಡಿದ್ದೋ ನಾನೇ ಇನ್ನೊಂದು ಕಾಗದ ಬರೆದೇನು. ಅದನ್ನು ಓದಬೇಡ, ಒಲೆಗೆ ಹಾಕು.