ಬೆಳಗಿನ ಹಾಜರಿ ಫೋಟೋ

ಸಂಡೂರಿನಲ್ಲಿ ವಿಚಾರಣೆ ನಡೆಸುತ್ತಿರುವ ಸಾಹೇಬರಿಗೆ,

ವಡ್ಡುವಿನ ಶಾಂಭವಿ ಮಾಡುವ ನಮಸ್ಕಾರಗಳು.

ಕಾರ್ಖಾನೆಯ ಕೆಸರುಗುಂಡಿಗೆ ಇಳಿದು ಉಸಿರುಗಟ್ಟಿ ತೀರಿಹೋದ ಸಿದ್ದಲಿಂಗೇಶ್ ನನ್ನ ಗಂಡ. "ಅಪಾಯ, ಇಳಿಯಬಾರದು ಅಂತ ಬೋರ್ಡ್ ಹಾಕಿದ್ವಿರಿ. ಓದದ ಇಳಿದಾನ" ಎಂದು ಗುತ್ತಿಗೆದಾರರು ನಿಮಗೆ ಫೋಟೋ ತೋರಿಸಿದಾಗ ನಾನೂ ಅಲ್ಲೇ ಕುಳಿತಿದ್ದೆ. ಆ ಫೋಟೋವನ್ನು ಆಮೇಲೆ ಕೇಳಿ ತರಿಸಿಕೊಂಡೆ.

ನನಗೆ ಕಣ್ಣು ಕಾಣುವುದಿಲ್ಲ. ಫೋಟೋದಲ್ಲಿ ಅಕ್ಷರಗಳಿದ್ದರೆ ನನ್ನ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಆ ಬೋರ್ಡನ್ನು ಅದು ಪೂರ್ತಿ ಓದಿತು. ತೀರಿಹೋದ ದಿನ ಬೆಳಿಗ್ಗೆ, ಇಳಿಯುವ ಮುಂಚೆ, ನನ್ನ ಗಂಡ ಗುಂಡಿಯ ಪಕ್ಕ ನಿಂತು ಹಾಜರಿಗೆಂದು ತೆಗೆದುಕೊಂಡ ಫೋಟೋ ಅವರದೇ ಫೋನಿನಲ್ಲಿತ್ತು. ಅದನ್ನೂ ಓದಿಸಿದೆ. "ಅಕ್ಷರಗಳು ಸಿಗಲಿಲ್ಲ" ಎಂದಿತು. ಮತ್ತೆ ಮತ್ತೆ ಓದಿಸಿದರೂ ಅದನ್ನೇ ಹೇಳಿತು. ಕೊನೆಗೆ ಎರಡೂ ಫೋಟೋಗಳನ್ನು ನಾದಿನಿ ಕಾವ್ಯಳಿಗೆ ತೋರಿಸಿದೆ.

"ಅಣ್ಣನ ಹಿಂದ ಆ ಬೋರ್ಡ್ ಹಾಕಿದ ಗ್ವಾಡೀನ ಐತಿ ಅತ್ತಿಗಿ. ಆದ್ರ ಇದರಾಗ ಬೋರ್ಡ್ ಇಲ್ಲ" ಎಂದು ಅತ್ತಳು.

ನನ್ನ ಗಂಡನ ಫೋನನ್ನು ಕಾವ್ಯಳ ಕೈಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ರಸೀದಿ ಕೊಡಿ. ವರದಿಯಲ್ಲಿ ನೀವು ಏನು ಬರೆದರೂ, ಓದದೇ ಇಳಿದರು ಎಂದು ಮಾತ್ರ ಬರೆಯಬೇಡಿ. ದಿನಾ ಸಂಜೆ ನನಗೆ ಪೇಪರ್ ಓದಿ ಹೇಳುತ್ತಿದ್ದವರು ಅವರು.

ಇಂತಿ,
ಶಾಂಭವಿ